ದೇವರನ್ನ ಇಳಿಸಿದ್ರು, ಗದ್ದುಗೆಯನ್ನ ಇಳಿಸಲಿಲ್ಲ

ಬರಹ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಮಾರ್ಚ್ 8 ಬಂತು ಅಂದ್ರೆ ಸಾಕು, ನಮ್ಮ ಎಡಪಂಥೀಯ ಗೆಳೆಯರ ಗೋಡೆ ಮೇಲೆಲ್ಲ ಅದೇ ಹಳೇ ಚೀನಾ ಪೋಸ್ಟರ್‌ಗಳು. ಕೆಂಪು ಕೆನ್ನೆ, ಮೊಣಕೈವರೆಗೆ ಮಡಚಿದ ತೋಳು, ಟ್ರ್ಯಾಕ್ಟರ್ ಮೇಲೆ ಕೂತ ಹುಡುಗಿ. ಚಿತ್ರದ ಜೊತೆಗೆ ನಮಗೊಂದು ಪಾಠ: ವರ್ಗ ಹೋರಾಟ ಗೆದ್ರೆ ಧರ್ಮದ ಪ್ರಶ್ನೆ, ಹೆಣ್ಣಿನ ಪ್ರಶ್ನೆ ಎಲ್ಲ ತಾನಾಗೇ ಬಗೆಹರಿಯುತ್ತೆ, ನೀವು ಮಾತ್ರ ಜಾತಿ ಜಾತಿ ಅಂತ, ಬುದ್ಧ ಬುದ್ಧ ಅಂತ ಕೂತಿದ್ದೀರಿ. ಈ ಪಾಠ ಕೇಳ್ತಾ ಕೇಳ್ತಾ ನನಗೆ ಇಪ್ಪತ್ತೈದು ವರ್ಷ ಆಯ್ತು. ಈ ಸಲ ಪಾಠ ಬೇಡ. ಆ ಪ್ರಚಾರ ಸಾಮಗ್ರಿಯನ್ನೇ ಮುಂದಿಟ್ಕೊಂಡು ಮಾತಾಡೋಣ. ನಾಟಕ, ಕಥೆ, ಪೋಸ್ಟರ್, ಬ್ಯಾಲೆ. ಅದರಲ್ಲಿ ದೇವರು ಎಲ್ಲಿದ್ದಾನೆ, ಹೆಣ್ಣು ಎಲ್ಲಿದ್ದಾಳೆ ನೋಡೋಣ.

ಒಳ್ಳೇದರಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಒಳ್ಳೇದು ಇತ್ತು. 1927ರ ಮಾರ್ಚ್. ಆ ತಿಂಗಳ 20ನೇ ತಾರೀಕು ಬಾಬಾಸಾಹೇಬರು ಮಹಾಡ್‌ನಲ್ಲಿ ಚವದಾರ್ ಕೆರೆಯ ನೀರು ಕುಡಿದ್ರು. ಅದೇ ತಿಂಗಳು ಚೀನಾದಲ್ಲಿ ಮಾವೋ, ಹುನಾನ್ ಪ್ರಾಂತ್ಯದ ರೈತ ಚಳವಳಿ ಬಗ್ಗೆ ತನ್ನ ವರದಿ ಹೊರಗೆ ತಂದ. ಚೀನಾದ ಜನರನ್ನ ಕಟ್ಟಿಹಾಕಿರೋ ಹಗ್ಗ ನಾಲ್ಕು ಅಂತ ಆತನ ಲೆಕ್ಕ: ಸರ್ಕಾರದ ಅಧಿಕಾರ, ಕುಲದ ಅಧಿಕಾರ, ದೇವರು ದೆವ್ವಗಳ ಅಧಿಕಾರ, ಗಂಡನ ಅಧಿಕಾರ. ಗಂಡಸಿಗೆ ಮೊದಲ ಮೂರು, ಹೆಂಗಸಿಗೆ ನಾಲ್ಕೂ. ಅದೇ ವರದೀಲಿ ಹೆಂಗ್‌ಶಾನ್ ಕಡೆಯ ಒಂದು ಪ್ರಸಂಗ ಇದೆ. ಹೆಂಗಸರಿಗೆ ಜಾಗ ಇಲ್ಲದ ಕುಲದ ಗುಡಿಗೆ ಹೆಂಗಸರೇ ಗುಂಪು ಕಟ್ಟಿಕೊಂಡು ನುಗ್ಗಿ, ಪಂಕ್ತೀಲಿ ಗಟ್ಟಿಯಾಗಿ ಕೂತು, ಉಂಡು ಕುಡಿದು ಎದ್ದು ಬಂದ್ರು. ಹಿರಿಯರು ಅನ್ನಿಸಿಕೊಂಡವರು ಬಾಯಿ ಮುಚ್ಕೊಂಡು ನೋಡ್ಬೇಕಾಯ್ತು. ಇನ್ನೊಂದು ಕಡೆ, ಗುಡಿಯೂಟಕ್ಕೆ ಸೇರಿಸದ ಬಡ ರೈತರು ನುಗ್ಗಿ ಉಂಡರು, ಉದ್ದ ನಿಲುವಂಗಿಯ ದೊಡ್ಡಮನುಷ್ಯರು ಓಟ ಕಿತ್ತರು. ಪಂಕ್ತಿಭೇದ ಅಂದ್ರೇನು ಅಂತ ಮೈಮೇಲೆ ಅನುಭವಿಸಿದ ನಮ್ಮಂಥವರಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ. ಓದಿದಾಗ ನನಗೆ ಎದ್ದು ಕುಣಿಯೋಣ ಅನ್ನಿಸಿತ್ತು.

ಅದೇ ವರದೀಲಿ ಮಾವೋ ಇನ್ನೊಂದು ಮಾತು ಹೇಳ್ತಾನೆ. ವಿಗ್ರಹಗಳನ್ನ ನಿಲ್ಲಿಸಿದವರು ರೈತರೇ, ಕಾಲ ಬಂದಾಗ ತಮ್ಮ ಕೈಯಿಂದಲೇ ಕಿತ್ತೆಸೀತಾರೆ, ಬೇರೆಯವರು ಅವಸರ ಮಾಡಿ ಕೀಳೋದು ಬೇಡ ಅಂತ. ಈ ಮಾತು ನೆನಪಿಟ್ಕೊಳ್ಳಿ. ಮುಂದೆ ಇದನ್ನ ಮೊದಲು ಮರೆತವನು ಆತನೇ.

ಆದ್ರೆ ಗುಡಿಗೆ ನುಗ್ಗಿ ಪಂಕ್ತೀಲಿ ಕೂತ ಆ ಹೆಂಗಸರು ಪ್ರಚಾರದ ಮುಖ ಆಗಲಿಲ್ಲ. ಮುಖ ಆದವಳು ಬೇರೆ. ಬಿಳಿಗೂದಲ ಹುಡುಗಿ.

ಗೊತ್ತಿಲ್ಲದವರಿಗೆ ಕಥೆ ಹೇಳ್ತೀನಿ. 1945ರಲ್ಲಿ ಯೆನಾನ್‌ನಲ್ಲಿ ಕಟ್ಟಿದ ಒಪೆರಾ. ಗೇಣಿದಾರ ಯಾಂಗ್ ಬಾಯ್‌ಲಾವ್ ಸಾಲ ತೀರಿಸಲಾರದೆ ವರ್ಷದ ಕೊನೇ ರಾತ್ರಿ ಮಗಳನ್ನ ಜಮೀನ್ದಾರನಿಗೆ ಬರೆದುಕೊಡ್ತಾನೆ, ಆಮೇಲೆ ವಿಷ ಕುಡಿದು ಸಾಯ್ತಾನೆ. ಮಗಳು ಶಿಯರ್ ಜಮೀನ್ದಾರ ಹುವಾಂಗ್ ಮನೇಲಿ ಜೀತಕ್ಕೆ. ಜಮೀನ್ದಾರನ ತಾಯಿ ಮಹಾ ಬುದ್ಧಭಕ್ತೆ, ಜಪತಪ ಎಲ್ಲ ಇದೆ, ಆದ್ರೆ ಜೀತದ ಹುಡುಗಿಗೆ ಹಿಂಸೆ ಕೊಡೋದ್ರಲ್ಲಿ ಎತ್ತಿದ ಕೈ. ಮಗ ಅತ್ಯಾಚಾರ ಮಾಡ್ತಾನೆ. ಬಸುರಾದ ಹುಡುಗಿ ತಪ್ಪಿಸಿಕೊಂಡು ಬೆಟ್ಟ ಸೇರ್ತಾಳೆ. ಉಪ್ಪಿಲ್ಲ, ಬಿಸಿಲಿಲ್ಲ, ಕೂದಲೆಲ್ಲ ಬೆಳ್ಳಗಾಗುತ್ತೆ. ರಾತ್ರಿ ಹೊತ್ತು ಇಳಿದು ಬಂದು ಗುಡಿಯಲ್ಲಿಟ್ಟ ಎಡೆ ತಿಂದು ಬದುಕ್ತಾಳೆ. ಆ ಗುಡಿ ಜನ 'ಅಜ್ಜಿ' ಅಂತ ಕರೆಯೋ ಊರದೇವಿಯ ಗುಡಿ, ನಾವು ಮಾರಮ್ಮ ಅಂತೀವಲ್ಲ ಹಾಗೆ. ಬಿಳಿಗೂದಲ ಹೆಂಗಸನ್ನ ಕತ್ತಲಲ್ಲಿ ಕಂಡ ಜನ ಆಕೇನೇ ದೇವಿ ಅಂದ್ಕೊಂಡು ಕೈ ಮುಗೀತಾರೆ. ಕೊನೆಗೆ ಆಕೆಯನ್ನ ಮದುವೆ ಆಗ್ಬೇಕಿದ್ದ ದಾಚುನ್ ಸೈನ್ಯ ಸೇರಿ ವಾಪಸ್ ಬಂದು, ದೇವಿಯ ಬೆನ್ನಟ್ಟಿ ಹೋಗಿ, ಗುಹೇಲಿ ಅವಳನ್ನ ಗುರುತಿಸ್ತಾನೆ. ಹಳೇ ಸಮಾಜ ಮನುಷ್ಯರನ್ನ ದೆವ್ವ ಮಾಡ್ತು, ಹೊಸ ಸಮಾಜ ದೆವ್ವವನ್ನ ಮನುಷ್ಯ ಮಾಡುತ್ತೆ ಅನ್ನೋದು ನಾಟಕದ ತಿರುಳು.

ಇದಕ್ಕಿಂತ ಒಳ್ಳೇ ಕಥೆ ಹೇಳೋದು ಕಷ್ಟ, ಒಪ್ಕೊಳ್ತೀನಿ. ದೇವಿಯ ಮುಖವಾಡ ತೆಗೆದು ನೋಡಿದ್ರೆ ಒಳಗೆ ಹಸಿದ, ಕೆಡಿಸಿದ, ಓಡಿಸಿದ ಒಬ್ಬ ಹುಡುಗಿ. ನಮ್ಮ ಮಾರಮ್ಮನ ಕಥೆಗಳನ್ನ ಕೇಳಿ ಬೆಳೆದವರಿಗೆ ಈ ಗುಟ್ಟು ಹೊಸದಲ್ಲ. ಉರಿದು ಸತ್ತ ಹೆಣ್ಣುಗಳೇ ಊರಾಚೆಯ ಗುಡಿಗಳಲ್ಲಿ ಕೂತಿರೋದು.

ಈಗ ಈ ಹುಡುಗಿಗೆ ಪ್ರಚಾರದವರು ಏನೇನು ಮಾಡಿದ್ರು ನೋಡಿ. 1945ರ ಮೊದಲ ರೂಪದಲ್ಲಿ ಶಿಯರ್ ಬಸುರಾದ ಮೇಲೆ, ಜಮೀನ್ದಾರ ತನ್ನನ್ನ ಮದುವೆ ಆಗ್ತಾನೇನೋ ಅಂತ ಒಂದು ಗಳಿಗೆ ಆಸೆ ಪಡ್ತಾಳೆ. ಇದು 'ವರ್ಗಪ್ರಜ್ಞೆ' ಅಲ್ಲ ಅಂತ ಕತ್ತರಿಸಿದ್ರು. ಮಗುವಿನ ಭಾಗ ಬರ್ತಾ ಬರ್ತಾ ಚಿಕ್ಕದಾಯ್ತು. 1965ರ ಹೊತ್ತಿಗೆ ಶಾಂಘೈಯಲ್ಲಿ ಬ್ಯಾಲೆ ಆಯ್ತಲ್ಲ, ಅದರಲ್ಲಿ ಅಪ್ಪ ವಿಷ ಕುಡಿಯಲ್ಲ, ಹೋರಾಡಿ ಸಾಯ್ತಾನೆ. ಶಿಯರ್‌ಗೆ ಅತ್ಯಾಚಾರವೂ ಇಲ್ಲ, ಬಸಿರೂ ಇಲ್ಲ, ಮಗುವೂ ಇಲ್ಲ. ಬರೀ ಸಿಟ್ಟು ಇದೆ. ಅಂದ್ರೆ ನಾಯಕಿ ಆಗ್ಬೇಕಾದ್ರೆ ಹುಡುಗಿ 'ಶುದ್ಧ'ವಾಗಿರ್ಬೇಕು! ಕೆಡಿಸಿದ ಮೈ ಇಟ್ಕೊಂಡು ಯಾರೂ ಕ್ರಾಂತಿಯ ಮುಖ ಆಗೋ ಹಾಗಿಲ್ಲ. ಮಡಿ ಅಂತ ಇದನ್ನೇ ಕರೆಯೋದು ಸ್ವಾಮಿ. ಬುದ್ಧನ ಪೂಜೆ ಮಾಡೋ ಮುದುಕಿಯನ್ನ ಗೇಲಿ ಮಾಡಿದ ಅದೇ ವೇದಿಕೆ ಮೇಲೆ ಮಡಿ ಹಿಂಬಾಗಿಲಿಂದ ಒಳಗೆ ಬಂದು ಕೂತಿದೆ. ನಮ್ಮ ಮೇಲೆ ದೌರ್ಜನ್ಯ ಆದಾಗ ನಮ್ಮವರೇ ಮಾಡೋ ಬ್ಯಾನರ್‌ಗಳನ್ನೂ ಒಮ್ಮೆ ನೋಡಿ. ಸತ್ತ ಹುಡುಗಿಯ ಫೋಟೋ ಇರುತ್ತೆ. ಬದುಕುಳಿದು, ಕೋರ್ಟಿಗೆ ಅಲೆದು, ಮಗು ಸಾಕ್ತಿರೋ ಹುಡುಗಿಯನ್ನ ಯಾವ ಸಮಾವೇಶದಲ್ಲಿ ಕೂರಿಸ್ತೀವಿ?

ಇನ್ನು ನನಗೆ ಹೆಚ್ಚು ಸಿಟ್ಟು ಬರಿಸಿದ ಕಥೆಗೆ ಬರ್ತೀನಿ. ಝಾವ್ ಶೂಲಿ ಅನ್ನೋ ಲೇಖಕ 1943ರಲ್ಲಿ ಬರೆದ 'ಶಿಯಾವ್ ಅರ್‌ಹೇಯ್ ಮದುವೆ'. ಪ್ರೀತಿಸಿದ ಹುಡುಗ ಹುಡುಗಿ, ಅಡ್ಡ ಬರೋ ಹಿರಿಯರು, ಕೊನೆಗೆ ಹೊಸ ಸರ್ಕಾರ ಮದುವೆ ಮಾಡಿಸುತ್ತೆ. ಹಳ್ಳಿ ಮಾತಿನಲ್ಲಿ ಬರೆದ ಚಂದದ ಕಥೆ, ಲಕ್ಷಾಂತರ ಜನ ಓದಿದ್ದು. (ಈ ಕಥೆಗೆ ಮೂಲವಾದ ನಿಜ ಘಟನೇಲಿ ಹುಡುಗನನ್ನ ಊರಿನ ಪದಾಧಿಕಾರಿಗಳೇ ಹೊಡೆದು ಕೊಂದಿದ್ರು. ಕಥೇಲಿ ಸುಖಾಂತ್ಯ.)

ಹುಡುಗಿಯ ತಾಯಿ ಸಾನ್ ಶಿಯೆನ್‌ಗೂ. ಹದಿನೈದಕ್ಕೇ ಮದುವೆ, ಗಂಡ ಮಾತಾಡದ ಮಣ್ಣಿನ ಮುದ್ದೆ. ಮದುವೆಯಾಗಿ ಸ್ವಲ್ಪ ದಿನಕ್ಕೆ ಆಕೆ ಮೈಮೇಲೆ ದೇವರು ಬರೋಕೆ ಶುರು. ಮನೇಲಿ ಗಂಧದಕಡ್ಡಿ ಪೀಠ, ಕಷ್ಟ ಹೇಳ್ಕೊಂಡು ಬರೋ ಜನ, ಸುತ್ತ ಸುಳಿಯೋ ಹುಡುಗರು. ನಲವತ್ತೈದಾದ್ರೂ ಪೌಡರು, ಕಸೂತಿ ಚಪ್ಪಲಿ ಬಿಟ್ಟಿಲ್ಲ. ಕಥೆ ಆಕೆಯನ್ನ ಹೇಗೆ 'ಸುಧಾರಿಸುತ್ತೆ' ಗೊತ್ತಾ? ಸರ್ಕಾರಿ ಕಚೇರಿಗೆ ಕರೆಸ್ತಾರೆ, ಮುದುಕಿ ಸಿಂಗಾರ ಮಾಡ್ಕೊಂಡು ಬಂದಿದ್ದಾಳೆ ಅಂತ ಸುದ್ದಿ ಹಬ್ಬುತ್ತೆ, ಊರ ಹೆಂಗಸರು ಹುಡುಗಿಯರು ಮುತ್ತಿಕೊಂಡು ಆಕೆಯ ಬಟ್ಟೆ, ಮುಖ, ವಯಸ್ಸು ನೋಡಿ ನಗ್ತಾರೆ. ಬೆವರಿ ನೀರಾದ ಆಕೆ ಮನೆಗೆ ಬಂದು ಕನ್ನಡಿ ನೋಡ್ಕೊಂಡು, ಅಮ್ಮನ ಹಾಗೆ ಬಟ್ಟೆ ಹಾಕಿ, ಮೂವತ್ತು ವರ್ಷದ ಪೀಠವನ್ನ ಸದ್ದಿಲ್ಲದೆ ಕಿತ್ತುಹಾಕ್ತಾಳೆ. ಅದೇ ಕಥೇಲಿ ಹುಡುಗನ ಅಪ್ಪನೂ ಇದ್ದಾನೆ. ಶಕುನ, ಮುಹೂರ್ತ, ಕವಡೆ ಶಾಸ್ತ್ರದವನು. ಆತನನ್ನೂ ಗೇಲಿ ಮಾಡ್ತಾರೆ, ಆದ್ರೆ ಆತನ ನಂಬಿಕೇನ ಮಾತ್ರ. ಆತನ ಚರ್ಮದ ಸುಕ್ಕನ್ನ ಯಾರೂ ಎಣಿಸಲ್ಲ.

ಮೈಮೇಲೆ ದೇವರು ಬರೋದು ಅಂದ್ರೇನು ಅಂತ ನಮ್ಮ ಕೇರಿಗಳಲ್ಲಿ ಕೇಳಿ. ವರ್ಷವಿಡೀ ಗೌಡರ ಹೊಲದಲ್ಲಿ ತಲೆ ಬಗ್ಗಿಸಿ ದುಡಿದವಳು, ಆ ಒಂದು ಗಳಿಗೆ ಕೂದಲು ಬಿಚ್ಚಿ ನಿಂತಾಗ ಅದೇ ಗೌಡ ಕೈ ಮುಗಿದು 'ತಾಯಿ ತಪ್ಪಾಯ್ತು' ಅಂತಾನೆ. ಅದು ಮೌಢ್ಯ, ಹೌದು. ನಾನು ಅಂಬೇಡ್ಕರ್‌ವಾದಿ, ಮೌಢ್ಯವನ್ನ ಮೌಢ್ಯ ಅಂತಲೇ ಕರೀತೀನಿ. ಆದ್ರೆ ಆಕೆಗೆ ದನಿ ಇದ್ದದ್ದು ಅಲ್ಲೊಂದೇ ಕಡೆ. ಆ ದನಿಯನ್ನ ಕಿತ್ಕೊಳ್ಳೋಕೆ ಮುಂಚೆ ಬೇರೆ ದನಿ ಕೊಟ್ರಾ? ಸಾನ್ ಶಿಯೆನ್‌ಗೂಗೆ ಕಥೆ ಕೊಟ್ಟದ್ದು ನಾಚಿಕೆ ಒಂದನ್ನೇ. ಆ ಮಾತುಗೇಡಿ ಮದುವೆಯಿಂದ ಬಿಡುಗಡೆ ಕೊಡಲಿಲ್ಲ.

ದೇವದಾಸಿ ಸಮರ್ಪಣೆ ನಿಷೇಧ ಕಾನೂನು ನಮ್ಮಲ್ಲಿ 1982ರಲ್ಲಿ ಬಂತು. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ದಸಂಸ ಕಾರ್ಯಕರ್ತರನ್ನ, ಪೊಲೀಸರನ್ನ ಭಕ್ತರ ಗುಂಪು ಹೊಡೆದು ಬೆತ್ತಲೆ ಮಾಡ್ತು. ಹೋದದ್ದು ನೂರಕ್ಕೆ ನೂರು ಸರಿ. ಆದ್ರೆ ಆಮೇಲೆ ಕೆಲಸ ಆದದ್ದು ಜೋಗತಿಯರ ಮನೆ ಬಾಗಿಲಿಗೆ ಹೋಗಿ ಕೂತವರಿಂದ, ಪಿಂಚಣಿ, ಮನೆ, ಮಕ್ಕಳ ಹಾಸ್ಟೆಲ್ಲು ಅಂತ ಅರ್ಜಿ ಬರೆದವರಿಂದ. ಆಕೆಯ ತಲೆಯ ಜಡೆ ಕತ್ತರಿಸಿ ಫೋಟೋ ಹಿಡಿಸಿಕೊಂಡವರಿಂದ ಅಲ್ಲ.

ಸರಿ, ಊರದೇವಿಯನ್ನ, ಆಕೆಯ ಪೂಜಾರಿಣಿಯನ್ನ ಓಡಿಸಿದ್ರು. ಗದ್ದುಗೆ ಖಾಲಿ ಇತ್ತಾ? ಹೊಸ ವರ್ಷಕ್ಕೆ ಬಾಗಿಲಿಗೆ ದ್ವಾರಪಾಲಕ ದೇವರ ಚಿತ್ರ, ಒಲೆ ಮೇಲೆ ಒಲೆದೇವರ ಚಿತ್ರ ಅಂಟಿಸೋದು ಚೀನೀ ಮನೆಗಳ ಪದ್ಧತಿ. ಯೆನಾನ್ ಕಾಲದಿಂದಲೇ ಕಲಾವಿದರು ಅದೇ ಶೈಲೀಲಿ ಸೈನಿಕ, ರೈತರನ್ನ ಬರೆದ್ರು, 1949ರ ಕೊನೇಲಿ ಸಂಸ್ಕೃತಿ ಇಲಾಖೆಯೇ ಹೊಸ ಬಗೆಯ ವರ್ಷಚಿತ್ರಗಳಿಗೆ ಆದೇಶ ಕೊಡ್ತು. ಕ್ರಮೇಣ ಮನೆಯ ನಡುಗೋಡೇಲಿ ಕುಲದ ಹಿರಿಯರ ಫಲಕ ಇದ್ದ ಜಾಗಕ್ಕೆ ಒಬ್ಬನೇ ಗಂಡಸಿನ ಮುಖ ಬಂತು. ಬೆಳಿಗ್ಗೆ ಆ ಮುಖದ ಮುಂದೆ ನಿಂತು ಅಪ್ಪಣೆ ಕೇಳೋದು, ಸಂಜೆ ಬಂದು ಒಪ್ಪಿಸೋದು. 1968ರ ಆಗಸ್ಟ್‌ನಲ್ಲಿ ಪಾಕಿಸ್ತಾನದ ವಿದೇಶಾಂಗ ಮಂತ್ರಿ ಕೊಟ್ಟ ಮಾವಿನಹಣ್ಣನ್ನ ಮಾವೋ ಕಾರ್ಮಿಕರಿಗೆ ಕಳಿಸಿದ. ಆ ಹಣ್ಣನ್ನ ಪೀಠದ ಮೇಲಿಟ್ಟು ನಮಸ್ಕಾರ ಮಾಡಿದ್ರು, ಮೇಣದ ಮಾವಿನಹಣ್ಣು ಮಾಡಿ ಗಾಜಿನ ಪೆಟ್ಟಿಗೇಲಿಟ್ಟು ಮೆರವಣಿಗೆ ಮಾಡಿದ್ರು. ಒಂದು ಕಾರ್ಖಾನೇಲಿ ಹಣ್ಣು ಕೊಳೀತಾ ಬಂದಾಗ ಹಂಡೇಲಿ ಕುದಿಸಿ ಎಲ್ಲರಿಗೂ ಒಂದೊಂದು ಚಮಚ ನೀರು ಹಂಚಿದ್ರು ಅಂತ ಮಾವೋನ ಡಾಕ್ಟರೇ ಬರೆದಿದ್ದಾರೆ. ಮಾವು ಬೆಳೆಯೋ ನಾಡಿನವರು ನಾವು. ಇದನ್ನ ತೀರ್ಥ ಅನ್ನದೆ ಇನ್ನೇನಂತೀರಿ?

ದೆವ್ವಗಳೂ ವಾಪಸ್ ಬಂದ್ವು. 1966ರ ಜೂನ್ 1ಕ್ಕೆ ಪಕ್ಷದ ಪತ್ರಿಕೆ ಸಂಪಾದಕೀಯ ಬರೀತು, 'ಹಸುಭೂತ, ಹಾವುಪಿಶಾಚಿ'ಗಳನ್ನೆಲ್ಲ ಗುಡಿಸಿಹಾಕಿ ಅಂತ. ಹಳೇ ಧರ್ಮಕಥೆಗಳ ಭಾಷೆ ಅದು. ಮೌಢ್ಯ ಅಳಿಸೋಕೆ ಹೊರಟವರು ಬದುಕಿರೋ ಮನುಷ್ಯರಿಗೆ ಭೂತ ಅಂತ ಹೆಸರಿಟ್ರು, ಕೊಟ್ಟಿಗೆಗೆ ದೂಡಿದ್ರು, ಹೆಂಗಸರ ಅರ್ಧ ತಲೆ ಬೋಳಿಸಿ ಬೀದೀಲಿ ನಡೆಸಿದ್ರು. ವಿಧವೆಯ ತಲೆ ಬೋಳಿಸಿದ ಮನೆಗಳನ್ನ ಕಂಡ ನಾಡು ನಮ್ಮದು, ಇದು ಕ್ರಾಂತಿ ಅಂತ ನಂಬಿಸೋಕೆ ಬರಬೇಡಿ. ಇಪ್ಪತ್ತು ವರ್ಷದ ಹಿಂದೆ ದೆವ್ವವನ್ನ ಮನುಷ್ಯ ಮಾಡ್ತೀವಿ ಅಂದವರು ಇವರೇ.

ಆ ಆಗಸ್ಟ್ 5ರಂದು ಬೀಜಿಂಗ್‌ನ ಒಂದು ಹೆಣ್ಣುಮಕ್ಕಳ ಶಾಲೇಲಿ ವಿದ್ಯಾರ್ಥಿನಿಯರೇ ಉಪಪ್ರಾಂಶುಪಾಲೆ ಬಿಯೆನ್ ಝೊಂಗ್‌ಯುನ್ ಅವರನ್ನ ಹೊಡೆದು ಕೊಂದ್ರು. ಹದಿಮೂರು ದಿನ ಆದ್ಮೇಲೆ, ಅದೇ ಶಾಲೆಯ ಸಾಂಗ್ ಬಿನ್‌ಬಿನ್ ಅನ್ನೋ ಹುಡುಗಿ ತಿಯಾನನ್‌ಮೆನ್ ಮೇಲೆ ಮಾವೋ ತೋಳಿಗೆ ಕೆಂಪು ಪಟ್ಟಿ ಕಟ್ಟಿದಳು. ಹೆಸರೇನು ಅಂತ ಕೇಳಿದ. ಬಿನ್‌ಬಿನ್, ಅಂದ್ರೆ ನಯ, ಸಂಸ್ಕಾರ. ಅದು ಬೇಡ, ಯುದ್ಧ ಬೇಕು ಅನ್ನೋ ಅರ್ಥದ ಮಾತು ಆತನ ಬಾಯಿಂದ ಬಂತು. ಕೊಂದವರಲ್ಲಿ ಆಕೆ ಇದ್ದಳು ಅಂತ ನಾನು ಹೇಳ್ತಿಲ್ಲ. ಶಿಕ್ಷಕಿಯನ್ನ ಕಾಪಾಡಲಿಲ್ಲ ಅಂತ 2014ರಲ್ಲಿ ಆಕೆ ಬಹಿರಂಗವಾಗಿ ಕ್ಷಮೆ ಕೇಳಿದಳು. ನಾನು ಹೇಳ್ತಿರೋದು ಆ ಫೋಟೋ ಬಗ್ಗೆ. ಗಂಡಸಿನ ಸೈನ್ಯದ ಅಂಗಿ, ಸೊಂಟಕ್ಕೆ ಬೆಲ್ಟು, ಇದೇ ಬಿಡುಗಡೆ ಅಂತ ದೇಶಕ್ಕೆಲ್ಲ ತೋರಿಸಿದ್ರು. ಮುಂದಿನ ವರ್ಷ ಅಧ್ಯಕ್ಷ ಲಿಯು ಶಾವೋಚಿಯ ಹೆಂಡತಿ ವಾಂಗ್ ಗುವಾಂಗ್‌ಮೇಯ್‌ಗೆ ಬಿಗಿಯಾದ ರೇಷ್ಮೆ ಉಡುಪು ಬಲವಂತವಾಗಿ ತೊಡಿಸಿ, ಪಿಂಗ್‌ಪಾಂಗ್ ಚೆಂಡಿನ ಸರ ಕೊರಳಿಗೆ ಹಾಕಿ ಸಾವಿರಾರು ಜನರ ಮುಂದೆ ನಿಲ್ಲಿಸಿದ್ರು. ಗಂಡನ ರಾಜಕೀಯಕ್ಕೆ ಹೆಂಡತಿಯ ಸೀರೆಗೆ ಶಿಕ್ಷೆ, ಅನ್ನೋ ಹಾಗೆ. ಸಾನ್ ಶಿಯೆನ್‌ಗೂಳ ಸುತ್ತ ನಕ್ಕ ಗುಂಪೇ ದೊಡ್ಡದಾಗಿ ಬೆಳೆದಿತ್ತು ಅಷ್ಟೇ.

1976ರಲ್ಲಿ ಮಾವೋ ಸತ್ತ. ತಿಂಗಳಲ್ಲೇ ಆತನ ಹೆಂಡತಿ ಜಿಯಾಂಗ್ ಚಿಂಗ್ ಜೈಲಿಗೆ. ಆಕೆ ಸಾಚಾ ಅಂತ ನಾನು ಹೇಳಲ್ಲ, ಎಷ್ಟೋ ಜನರ ಬದುಕು ಹಾಳು ಮಾಡಿದವಳು. ಆದ್ರೆ ವ್ಯಂಗ್ಯಚಿತ್ರಗಳಲ್ಲಿ ಆಕೆ ಏನಾದಳು? ಹಳೇ ಪುರಾಣಕಥೆಯ ಬಿಳಿಮೂಳೆ ಪಿಶಾಚಿ, ಹೆಣ್ಣಿನ ವೇಷದಲ್ಲಿ ಬಂದು ಮೋಸ ಮಾಡೋ ರಾಕ್ಷಸಿ. ಹತ್ತು ವರ್ಷ ಪುರಾಣ ಸುಟ್ಟ ದೇಶಕ್ಕೆ ಒಬ್ಬ ಹೆಂಗಸನ್ನ ಬೈಯೋಕೆ ಪುರಾಣವೇ ಬೇಕಾಯ್ತು. ಗಂಡ ಮಾತ್ರ ಗೋಡೆ ಮೇಲೆ ಹಾಗೇ ಉಳಿದ.

ಈಗ ನಮ್ಮ ಎದೆಗೆ ಹತ್ತಿರದ ವಿಷಯ. 1966ರ ಬೇಸಿಗೇಲಿ ಕೆಂಪು ಕಾವಲುಪಡೆಯ ಹುಡುಗರು ಒಂದು ಘೋಷಣೆ ಹಬ್ಬಿಸಿದ್ರು. ಅಪ್ಪ ಕ್ರಾಂತಿಕಾರಿ ಆದ್ರೆ ಮಗ ವೀರ, ಅಪ್ಪ ಪ್ರತಿಗಾಮಿ ಆದ್ರೆ ಮಗ ಹಾದರಕ್ಕೆ ಹುಟ್ಟಿದವನು ಅನ್ನೋ ಅರ್ಥದ್ದು. ಗಮನಿಸಿ, ಅಪ್ಪ. ವರ್ಗದ ಪಟ್ಟಿ ಇಳಿದು ಬರ್ತಿದ್ದದ್ದು ಅಪ್ಪನ ಕಡೆಯಿಂದ. ಗೋತ್ರ ಹೇಗೋ ಹಾಗೆ. ಇದಕ್ಕೆ ಎದುರಾಗಿ ನಿಂತವನು ಬೀಜಿಂಗ್‌ನ ಯೂ ಲೂವೋಕ, ಅಪ್ರೆಂಟಿಸ್ ಕೆಲಸದ ಹುಡುಗ. ತಂದೆತಾಯಿಯ ಹಣೆಪಟ್ಟಿಯಿಂದ ಕಾಲೇಜು ಸಿಗದವನು. ಹುಟ್ಟಿನ ಬಗ್ಗೆ ಒಂದು ಪ್ರಬಂಧ ಬರೆದ, 1967ರ ಜನವರೀಲಿ ಅಚ್ಚಾಗಿ ಬೀದಿ ಬೀದೀಲಿ ಮಾರಾಟ ಆಯ್ತು. ಅದರಲ್ಲಿ ಆತ ಕೇಳ್ತಾನೆ, ಅಮೆರಿಕದ ಕರಿಯರಿಗೆ, ಭಾರತದ ಶೂದ್ರರಿಗೆ, ಜಪಾನಿನ ಹೊಲೆಜಾತಿಗಳಿಗೆ ಮಾಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ.

ಭಾರತದ ಜಾತಿ! ಬೀಜಿಂಗ್‌ನ ಒಬ್ಬ ಕಾರ್ಮಿಕ ಹುಡುಗನಿಗೆ ಕ್ರಾಂತಿಯ ನಡುಮಧ್ಯೆ ಕಂಡದ್ದು, ಬೆಂಗಳೂರಿನ ನಮ್ಮ ಕಾಮ್ರೇಡುಗಳಿಗೆ ಇವತ್ತಿಗೂ ಕಾಣಲ್ಲ. 1970ರ ಮಾರ್ಚ್ 5ರಂದು ಆತನನ್ನ ಕೊಂದ್ರು. ಇಪ್ಪತ್ತೇಳು ವರ್ಷ. ತಂಗಿ ಯೂ ಲೂವೋಜಿನ್‌ಳ ಡೈರಿ ಹಿಡಿದು ಅವಳನ್ನ ಶ್ರಮ ಶಿಬಿರಕ್ಕೆ ಕಳಿಸಿದ್ರು. ಬದುಕೋಕೆ ಅಂತ ಪ್ರೀತಿಯಿಲ್ಲದ ಮದುವೆ ಆದಳು, ಬಿಟ್ಟಳು. 1980ರಲ್ಲಿ ಅದನ್ನೆಲ್ಲ ಮುಚ್ಚುಮರೆ ಇಲ್ಲದೆ ಬರೆದಾಗ ಅಣ್ಣ ಹುತಾತ್ಮ ಆಗಿದ್ದ, ತಂಗಿ 'ಗಂಡ ಬಿಟ್ಟವಳು'. ಪತ್ರಿಕೆಗಳಲ್ಲಿ ಆಕೆಯ ವಿಚ್ಛೇದನದ್ದೇ ಪಂಚಾಯ್ತಿ.

ಇದನ್ನೆಲ್ಲ ಓದಿ 'ನೋಡಿದ್ರಾ ಕಮ್ಯುನಿಸ್ಟರ ಬಣ್ಣ' ಅಂತ ಶೇರ್ ಮಾಡೋಕೆ ಓಡಿ ಬರ್ತಿರೋ ಧರ್ಮರಕ್ಷಕರೇ, ನಿಲ್ಲಿ ಒಂದು ನಿಮಿಷ. 1950ರ ಮೇ 1ರಿಂದ ಚೀನಾದಲ್ಲಿ ಹೊಸ ಮದುವೆ ಕಾನೂನು. ಇನ್ನೊಬ್ಬಳನ್ನ ಇಟ್ಕೊಳ್ಳೋದು, ಚಿಕ್ಕಂದಿನಲ್ಲೇ ನಿಶ್ಚಯ ಮಾಡೋದು ಬಂದ್, ವಿಧವೆ ಮರುಮದುವೆಗೆ ಅಡ್ಡ ಬರೋ ಹಾಗಿಲ್ಲ, ಹೆಂಗಸು ವಿಚ್ಛೇದನ ಕೇಳಬಹುದು. ಕೇಳಿದ ಎಷ್ಟೋ ಹೆಂಗಸರನ್ನ ಮನೆಯವರೇ ಕೊಂದ್ರು, ಅದೂ ನಿಜ. ಆದ್ರೆ ಕಾನೂನು ಬಂತು. ನಮ್ಮಲ್ಲಿ? ಹಿಂದೂ ಸಂಹಿತೆ ಮಸೂದೆಯನ್ನ ಇದೇ ನಿಮ್ಮ ಅಜ್ಜಂದಿರು ಬೀದಿಗಿಳಿದು ತಡೆದ್ರು, 1951ರ ಸೆಪ್ಟೆಂಬರಿನಲ್ಲಿ ಬಾಬಾಸಾಹೇಬರು ಕಾನೂನು ಮಂತ್ರಿ ಕುರ್ಚಿ ಬಿಟ್ಟು ಎದ್ದು ಬಂದ್ರು. ಈ ಬರಹ ನಿಮಗಲ್ಲ.

ಇದು ಕಾಮ್ರೇಡುಗಳಿಗೆ. ಬಾಬಾಸಾಹೇಬರು ತೀರಿಕೊಳ್ಳೋ ಹದಿನಾರು ದಿನ ಮುಂಚೆ, 1956ರ ನವೆಂಬರ್ 20ರಂದು ಕಠ್ಮಂಡುವಿನಲ್ಲಿ ಬುದ್ಧ ಮತ್ತು ಮಾರ್ಕ್ಸ್ ಬಗ್ಗೆ ಮಾತಾಡಿದ್ರು. ಗುರಿ ಬಗ್ಗೆ ಅವರಿಗೆ ತಕರಾರು ಇರಲಿಲ್ಲ, ತಕರಾರು ಇದ್ದದ್ದು ದಾರಿ ಬಗ್ಗೆ. ಮನ ಒಲಿಸದೆ ಹೇರಿದ್ದು, ಹೇರಿದ ಕೈ ಸಡಿಲ ಆದ ದಿನ ಏನಾಗುತ್ತೆ ಅನ್ನೋದು ಅವರ ಪ್ರಶ್ನೆ. ಅದನ್ನ ನೀವು 'ಬೂರ್ಜ್ವಾ ಉದಾರವಾದ' ಅಂತ ಪಕ್ಕಕ್ಕಿಟ್ರಿ. ಮಹಾಡ್‌ನಲ್ಲಿ ಅದೇ 1927ರ ಡಿಸೆಂಬರಿನಲ್ಲಿ ಮನುಸ್ಮೃತಿ ಸುಟ್ಟ ಮೇಲೆ ಅವರು ಹೆಂಗಸರನ್ನ ಕೂರಿಸಿಕೊಂಡು ಬಟ್ಟೆ ಬಗ್ಗೆಯೇ ಮಾತಾಡಿದ್ರು, ಜಾತಿ ಗುರುತು ಹೇಳೋ ಉಡುಗೆ, ಒಡವೆ ಬಿಡಿ, ಮೇಲ್ಜಾತಿ ಹೆಂಗಸರ ಹಾಗೇ ಸೀರೆ ಉಡಿ ಅಂತ. ಮಾತಿನಲ್ಲೇ ಹೇಳಿದ್ರು, ಬೀದೀಲಿ ನಿಲ್ಲಿಸಿ ಕಿತ್ತು ತೆಗೆಸಲಿಲ್ಲ. ಹೆಂಗಸರು ತಾವೇ ಉಟ್ಟರು.

ಮಾರ್ಚ್ 8ಕ್ಕೆ ಟ್ರ್ಯಾಕ್ಟರ್ ಹುಡುಗಿಯನ್ನ ಹಾಕೋದಿದ್ರೆ ಹಾಕ್ಕೊಳ್ಳಿ. ಅದಕ್ಕೆ ಮೂರು ದಿನ ಮೊದಲು, ಮಾರ್ಚ್ 5ಕ್ಕೆ, ಯೂ ಲೂವೋಕನ ಹೆಸರಿನ ಒಂದು ಪೋಸ್ಟ್ ನಿಮ್ಮ ಗೋಡೆ ಮೇಲೂ ಬರಲಿ. ಜೊತೆಗೆ ಆ ತಂಗಿಯ ಹೆಸರೂ ಇರಲಿ.

ಜೈಭೀಮ್.